ಬೋರ್ಡಿನ ಮೇಲೊಂದು ಹೆಸರು, ಬಾಯಲ್ಲೊಂದು ಹೆಸರು

ಮಾನ್ಯ ಸಂಪಾದಕರಿಗೆ,

ಜೂನ್ ಬಂತೆಂದರೆ ಕಲಬುರಗಿಗೆ ಹೊಸಬರ ಸಾಲು. ಕಾಲೇಜಿಗೆ ಸೇರುವ ಹುಡುಗ ಹುಡುಗಿಯರು, ವರ್ಗವಾಗಿ ಬರುವ ನೌಕರರು, ದವಾಖಾನೆಗಳಲ್ಲಿ ಕೆಲಸಕ್ಕೆ ಸೇರುವವರು, ಹೈಕೋರ್ಟ್ ಪೀಠಕ್ಕೆ ಬರುವ ಕಿರಿಯ ವಕೀಲರು. ಮೊದಲ ತಿಂಗಳು ಎಲ್ಲರದೂ ಒಂದೇ ತಕರಾರು: ಈ ಊರಲ್ಲಿ ದಾರಿ ತಿಳಿಯುವುದಿಲ್ಲ. ಟಪಾಲು ಹಂಚಿ ನಿವೃತ್ತರಾದ ನಮಗೆ ಈ ಮಾತು ಅರ್ಧ ಮಾತ್ರ ನಿಜ ಅನ್ನಿಸುತ್ತದೆ. ಊರಿನ ರಸ್ತೆಗಳು ಅಷ್ಟೇನೂ ತೊಡಕಿನವಲ್ಲ. ತೊಡಕು ಇರುವುದು ಹೆಸರುಗಳಲ್ಲಿ. ಪಾಲಿಕೆಯ ಬೋರ್ಡಿನ ಮೇಲೆ ಒಂದು ಹೆಸರು, ಜನರ ಬಾಯಲ್ಲಿ ಇನ್ನೊಂದು, ಫೋನಿನ ನಕ್ಷೆಯಲ್ಲಿ ಮೂರನೆಯದು. ಹೊಸಬರಿಗೆ ಉಪಯೋಗವಾದೀತೆಂದು ಒಂದಿಷ್ಟು ವಿವರ, ಪಾಲಿಕೆಗೆ ಕೊನೆಯಲ್ಲಿ ಒಂದು ಬೇಡಿಕೆ. ಪತ್ರ ಉದ್ದವಾಗಿದೆ, ಜಾಗ ಕೊಡಬೇಕು.

ಬೀದರಿನಲ್ಲಿ ಈ ಕಷ್ಟ ಕಡಿಮೆ. ಹಳೇ ಊರಿನ ನಡುವೆ ಚೌಬಾರಾ ನಿಂತಿದೆ, ಅದರಿಂದ ನಾಲ್ಕು ದಿಕ್ಕಿಗೂ ದಾರಿ ಒಡೆಯುತ್ತದೆ. ದಾರಿ ತಪ್ಪಿದವರು ಚೌಬಾರಾ ಎಲ್ಲಿ ಎಂದು ಕೇಳಿ ಅಲ್ಲಿಗೆ ಬಂದು ಮತ್ತೆ ಶುರು ಮಾಡಬಹುದು. ಯಾದಗಿರಿಯಲ್ಲಿ ಕತ್ತೆತ್ತಿದರೆ ಬೆಟ್ಟದ ಮೇಲಿನ ಕೋಟೆ ಕಾಣುತ್ತದೆ. ಕಲಬುರಗಿಯ ಕೋಟೆ ಮಾತ್ರ ಬಯಲಲ್ಲಿ ಕೂತಿದೆ, ಎರಡು ಓಣಿ ದಾಟಿದರೆ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಇಲ್ಲಿ ನಡುಗಂಬವನ್ನು ನಾವೇ ತಲೆಯಲ್ಲಿ ನೆಟ್ಟುಕೊಳ್ಳಬೇಕು.

ಅದಕ್ಕೆ ಒಂದು ಗೆರೆ ಸಾಕು. ರೈಲ್ವೆ ಸ್ಟೇಷನ್, ಸರ್ದಾರ್ ಪಟೇಲ್ ಸರ್ಕಲ್, ಜಗತ್ ಸರ್ಕಲ್, ಸೂಪರ್ ಮಾರ್ಕೆಟ್, ಚೌಕ್, ಕಿರಾಣಾ ಬಜಾರ್, ಗಂಜ್. ಊರಿನ ಬೆನ್ನೆಲುಬು ಇದೇ, ದಕ್ಷಿಣದ ಸ್ಟೇಷನ್ ಕಡೆಯಿಂದ ಉತ್ತರದ ಗಂಜ್ ಕಡೆಗೆ. ಈ ಏಳು ಹೆಸರನ್ನು ಇದೇ ಕ್ರಮದಲ್ಲಿ ಬಾಯಿಪಾಠ ಮಾಡಿ, ಒಂದು ಭಾನುವಾರ ಬೆಳಿಗ್ಗೆ ಬಿಸಿಲೇರುವ ಮುಂಚೆ ಈ ತುದಿಯಿಂದ ಆ ತುದಿಗೆ ನಡೆಯಬೇಕು. ನಿಂತು ನೋಡುತ್ತಾ ಹೋದರೆ ಒಂದೂವರೆ ತಾಸು. ಹಳೇ ಊರಿನ ಭಾಗಕ್ಕೆ ಬಂದಾಗ ಒಂದು ಮಾತು ನೆನಪಿಡಿ: ಕೋಟೆ ಪಶ್ಚಿಮಕ್ಕೆ, ಬಂದೇ ನವಾಜ್ ದರ್ಗಾ ಪೂರ್ವಕ್ಕೆ. ಇಷ್ಟು ಗೊತ್ತಿದ್ದವರು ಹಳೇ ಊರಿನ ಯಾವ ಗಲ್ಲಿಯಲ್ಲಿ ಸಿಕ್ಕಿಕೊಂಡರೂ ತಾವು ಗೆರೆಯ ಯಾವ ಬಾಜು ಇದ್ದೇವೆ ಎಂದು ಹೇಳಬಲ್ಲರು.

ಹೋದ ದಾರಿಯಲ್ಲೇ ವಾಪಸ್ ಬರಬೇಕು ಎಂಬುದನ್ನು ಮರೆಯಬಾರದು. ಹೊಸ ಬೀಟಿಗೆ ಬಂದ ಪೋಸ್ಟ್‌ಮನ್ ಮೊದಲು ಕಲಿಯುವುದೇ ಇದನ್ನು. ಹೋಗುವಾಗ ನೋಡಿದ ರಸ್ತೆ ಬರುವಾಗ ಬೇರೆ ರಸ್ತೆಯ ಹಾಗೆ ಕಾಣುತ್ತದೆ. ಹೋಗುವಾಗ ಎದುರಿಗೆ ಕಂಡ ಬೋರ್ಡು ಬರುವಾಗ ಬೆನ್ನು ತೋರಿಸುತ್ತದೆ, ಎಡಕ್ಕೆ ತಿರುಗಿದ ಕಡೆ ಬಲಕ್ಕೆ ತಿರುಗಬೇಕಾಗುತ್ತದೆ. ಹೀಗಾಗಿ ಪ್ರತಿ ತಿರುವಿನಲ್ಲಿ ಹತ್ತು ಹೆಜ್ಜೆ ಮುಂದೆ ಹೋಗಿ, ನಿಂತು, ಹೊಳ್ಳಿ ನೋಡುವುದು ಒಳ್ಳೆಯದು. ಬರುವಾಗ ಕಣ್ಣಿಗೆ ಬೀಳುವ ಚಿತ್ರ ಅದೇ. ದಾರಿ ತಪ್ಪಿದವರಲ್ಲಿ ಹೆಚ್ಚಿನವರು ತಪ್ಪುವುದು ಮನೆಗೆ ವಾಪಸ್ ಬರುವಾಗಲೇ.

ಬೆನ್ನೆಲುಬು ಗಟ್ಟಿಯಾದ ಮೇಲೆ ಪಕ್ಕೆಲುಬುಗಳು. ಇಲ್ಲಿ ದೊಡ್ಡ ರಸ್ತೆಗಳಿಗೆ ಅವು ಹೋಗಿ ಸೇರುವ ಊರಿನ ಹೆಸರೇ ರೂಢಿ. ಆಳಂದ ರಸ್ತೆ ವಾಯವ್ಯಕ್ಕೆ, ಹುಮನಾಬಾದ್ ರಸ್ತೆ ಈಶಾನ್ಯಕ್ಕೆ, ಸೇಡಂ ರಸ್ತೆ ಪೂರ್ವಕ್ಕೆ, ಶಹಾಬಾದ್ ರಸ್ತೆ ಆಗ್ನೇಯಕ್ಕೆ, ಜೇವರ್ಗಿ ರಸ್ತೆ ದಕ್ಷಿಣಕ್ಕೆ, ಅಫಜಲಪುರ ರಸ್ತೆ ಪಶ್ಚಿಮಕ್ಕೆ. ಜಿಲ್ಲೆಯ ನಕ್ಷೆ ಗೊತ್ತಿದ್ದರೆ ಊರಿನ ನಕ್ಷೆ ಅರ್ಧ ಗೊತ್ತಾದಂತೆಯೇ. ವಿಮಾನ ನಿಲ್ದಾಣ ಸೇಡಂ ರಸ್ತೆಯ ಶ್ರೀನಿವಾಸ ಸರಡಗಿಯ ಹತ್ತಿರ, ಕಪನೂರಿನ ಕಾರ್ಖಾನೆಗಳು ಹುಮನಾಬಾದ್ ರಸ್ತೆಗೆ, ನಂದೂರಿನವು ಶಹಾಬಾದ್ ರಸ್ತೆಗೆ. ಈ ರಸ್ತೆಗಳನ್ನು ರಿಂಗ್ ರೋಡ್ ಕಡಿಯುವ ಜಾಗಗಳಿಗೆ ತಮ್ಮವೇ ಹೆಸರುಗಳಿವೆ: ಜೇವರ್ಗಿ ರಸ್ತೆಯದು ರಾಮಮಂದಿರ ಸರ್ಕಲ್, ಹುಮನಾಬಾದ್ ರಸ್ತೆಯದು ಹುಮನಾಬಾದ್ ಬೇಸ್, ಆಳಂದ ರಸ್ತೆಯದು ಆಳಂದ ಚೆಕ್‌ಪೋಸ್ಟ್. ಖರ್ಗೆ ಪೆಟ್ರೋಲ್ ಪಂಪ್ ಕೂಡ ರಿಂಗ್ ರೋಡಿನ ಗುರುತೇ. ಆಟೊದವರ ಜೊತೆ ಮಾತಾಡುವಾಗ ಕಾಲೊನಿಯ ಹೆಸರಿಗಿಂತ ಈ ಹೆಸರುಗಳು ಬೇಗ ಕೆಲಸ ಮಾಡುತ್ತವೆ. ಮೊದಲು ರಸ್ತೆ, ಆಮೇಲೆ ರಿಂಗ್ ರೋಡಿನ ಒಳಗೋ ಹೊರಗೋ, ಕೊನೆಗೆ ಕಾಲೊನಿ. ಈ ಕ್ರಮದಲ್ಲಿ ಹೇಳಿದರೆ ಮರುಪ್ರಶ್ನೆ ಬರುವುದಿಲ್ಲ.

ನೈಋತ್ಯದ ಕಡೆ ರೈಲು ಹಳಿಯೇ ಒಂದು ಗೋಡೆ. ಹಳಿ ವಾಯವ್ಯದ ಸೋಲಾಪುರ ಕಡೆಯಿಂದ ಆಗ್ನೇಯದ ವಾಡಿ ಕಡೆಗೆ ಓರೆಯಾಗಿ ಹಾದುಹೋಗಿದೆ. ನಕ್ಷೆಯಲ್ಲಿ ಮುನ್ನೂರು ಮೀಟರ್ ದೂರದಲ್ಲಿ ಕಾಣುವ ಮನೆ ಹಳಿಯ ಆಚೆ ಇದ್ದರೆ, ಸೇತುವೆಯನ್ನೋ ಕೆಳದಾರಿಯನ್ನೋ ಹುಡುಕಿ ಸುತ್ತು ಹಾಕಬೇಕು. ಬಾಡಿಗೆ ಮನೆ ನೋಡುವವರು ‘ಸ್ಟೇಷನ್ ಹತ್ರ’ ಎಂಬ ಮಾತಿಗೆ ಮರುಳಾಗದೆ, ಹಳಿಯ ಈ ಕಡೆಯೋ ಆ ಕಡೆಯೋ ಎಂದು ಮೊದಲು ಕೇಳಬೇಕು.

ಇನ್ನು ಹೆಸರುಗಳ ಗೋಜಲು. ಬೆಂಗಳೂರು ಮೈಸೂರು ಕಡೆಯಿಂದ ಬಂದವರನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ಪದ ‘ಕ್ರಾಸ್’. ಅಲ್ಲಿ ಮೇನ್ ರಸ್ತೆಗೆ ಅಡ್ಡ ಬರುವ, ನಂಬರ್ ಇರುವ ಬೀದಿಗೆ ಕ್ರಾಸ್ ಎನ್ನುತ್ತಾರೆ, ಐದನೇ ಕ್ರಾಸ್ ಆದ ಮೇಲೆ ಆರನೆಯದು ಬರಲೇಬೇಕು. ಇಲ್ಲಿ ಕ್ರಾಸ್ ಎಂದರೆ ದಾರಿ ಒಡೆಯುವ ಜಾಗ. ಲಾಲಗೇರಿ ಕ್ರಾಸ್, ಹಾಗರಗಾ ಕ್ರಾಸ್, ಅನ್ನಪೂರ್ಣ ಕ್ರಾಸ್. ಅದು ಬೀದಿಯಲ್ಲ, ಒಂದು ಬಿಂದು. ‘ಕ್ರಾಸಿಗೆ ಇಳೀರಿ’ ಎಂದರೆ ಅಲ್ಲಿ ಇಳಿದ ಮೇಲೆ ಇನ್ನೂ ಹೋಗುವುದಿದೆ ಎಂದೇ ಅರ್ಥ. ಹಾಗೆಯೇ ಸರ್ಕಲ್ ಎಂದಲ್ಲೆಲ್ಲ ದುಂಡನೆಯ ಕಟ್ಟೆ ಇರಬೇಕೆಂದಿಲ್ಲ, ನಾಕಾ ಎಂದಲ್ಲಿ ಅಡ್ಡಗೋಲೂ ಇರುವುದಿಲ್ಲ. ನಾಕಾಗಳಲ್ಲಿ ಹಿಂದೆ ಊರೊಳಗೆ ಬರುವ ಸರಕಿಗೆ ಸುಂಕ ಹಿಡಿಯುತ್ತಿದ್ದರು, ಸುಂಕ ಹೋಗಿ ದಶಕಗಳಾದರೂ ಶಹಾಬಜಾರ ನಾಕಾ ಎಂಬ ಹೆಸರು ಉಳಿದಿದೆ. ಎಂಎಸ್‌ಕೆ ಮಿಲ್ಲಿನದೂ ಅದೇ ಕಥೆ. ನಿಜಾಮರ ಕಾಲದ ಮೆಹಬೂಬ್ ಶಾಹಿ ಗಿರಣಿಯ ಯಂತ್ರಗಳು ಎಂದೋ ನಿಂತವು, ಆಟೊ ಮಾತ್ರ ಇವತ್ತಿಗೂ ‘ಮಿಲ್’ಗೆ ಹೋಗುತ್ತದೆ. ಹೊಗೆ ಕೊಳವೆ ಹುಡುಕುತ್ತಾ ಕೂತರೆ ಸ್ಟಾಪ್ ದಾಟಿ ಹೋಗುತ್ತದೆ.

ಹಳೇ ಓಣಿಗಳ ಹೆಸರಿನ ಅರ್ಥ ತಿಳಿದರೆ ನೆನಪಿಡುವುದು ಸುಲಭ. ಸಂಗತ್ರಾಸವಾಡಿ ಕಲ್ಲುಕುಟಿಗರ ಕೇರಿ, ಸಂಗ್ ಎಂದರೆ ಕಲ್ಲು, ತರಾಶ್ ಎಂದರೆ ಕಡಿಯುವವನು. ಮೋಮಿನಪುರ ನೇಕಾರರದು. ರೋಜಾ ಎಂದರೆ ಹೂವೂ ಅಲ್ಲ, ರಂಜಾನಿನ ಉಪವಾಸವೂ ಅಲ್ಲ. ಸಮಾಧಿ ಇರುವ ಸ್ಥಳಕ್ಕೆ ರೌಜಾ ಎನ್ನುತ್ತಾರೆ, ದರ್ಗಾದ ಸುತ್ತಲಿನ ಭಾಗ ಹಾಗಾಗಿ ರೋಜಾ ಆಗಿದೆ. ಅದರಾಚೆಯ ಹಫ್ತ್ ಗುಂಬಜ್, ಸಾತ್ ಗುಂಬಜ್, ಸೆವೆನ್ ಗುಂಬಜ್ ಮೂರೂ ಒಂದೇ ಜಾಗ, ಏಳು ಎಂಬುದನ್ನು ಮೂರು ಭಾಷೆಯಲ್ಲಿ ಹೇಳಿದ್ದಾರೆ ಅಷ್ಟೆ. ಸುತ್ತಲಿನ ಹಳ್ಳಿಗಳ ಹೆಸರಿನ ಬಾಲದಲ್ಲಿ ‘ಬಿ’, ‘ಕೆ’ ಎಂದು ಕಂಡರೆ ಸಾಮಾನ್ಯವಾಗಿ ಅದು ಬುಜುರ್ಗ್ ಮತ್ತು ಖುರ್ದ್, ನಮ್ಮ ಹಿರೇ ಮತ್ತು ಚಿಕ್ಕ ಇದ್ದ ಹಾಗೆ. ಆ ಒಂದಕ್ಷರ ಬಿಟ್ಟು ವಿಳಾಸ ಬರೆದರೆ ಟಪಾಲು ಜೋಡಿ ಊರಿಗೆ ಹೋಗಿ ಬರುತ್ತದೆ.

ಒಂದೇ ಪದಕ್ಕೆ ಎರಡು ಮೂರು ಜಾಗ ಇರುವುದು ಇನ್ನೊಂದು ತಾಪತ್ರಯ. ‘ಯೂನಿವರ್ಸಿಟಿಗೆ ಬಿಡ್ರಿ’ ಎಂದರೆ ಆಟೊ ಸೇಡಂ ರಸ್ತೆಯ ಗುಲಬರ್ಗಾ ವಿಶ್ವವಿದ್ಯಾಲಯದ ಕಡೆ ಹೊರಡುತ್ತದೆ, ಅದು 1980ರದು, ಜನರ ಬಾಯಲ್ಲಿ ಯೂನಿವರ್ಸಿಟಿ ಎಂದರೆ ಅದೇ. 2009ರಲ್ಲಿ ಆರಂಭವಾದ ಕೇಂದ್ರೀಯ ವಿಶ್ವವಿದ್ಯಾಲಯ ಇರುವುದು ಆಳಂದ ರಸ್ತೆಯ ಕಡಗಂಚಿಯಲ್ಲಿ, ಊರಿನ ಸರಿ ವಿರುದ್ಧ ದಿಕ್ಕಿನಲ್ಲಿ, ಊರಾಚೆ. ಇವೆರಡಲ್ಲದೆ ಶರಣಬಸವ ಮತ್ತು ಖಾಜಾ ಬಂದಾನವಾಜ್ ವಿಶ್ವವಿದ್ಯಾಲಯಗಳೂ ಇವೆ. ಪ್ರವೇಶ ಪರೀಕ್ಷೆಯ ಬೆಳಿಗ್ಗೆ ಈ ತಪ್ಪಾದರೆ ಸರಿಪಡಿಸಲು ಹೊತ್ತಿರುವುದಿಲ್ಲ. ಪೂರ್ತಿ ಹೆಸರಿನ ಜೊತೆ ರಸ್ತೆಯ ಹೆಸರನ್ನೂ ಹೇಳಿ. ಕೋರ್ಟ್ ಎಂದಾಗ ಜಿಲ್ಲಾ ಕೋರ್ಟೋ ಹೈಕೋರ್ಟ್ ಪೀಠವೋ, ಬಸ್ ಸ್ಟ್ಯಾಂಡ್ ಎಂದಾಗ ಕೇಂದ್ರ ನಿಲ್ದಾಣವೋ ಸೂಪರ್ ಮಾರ್ಕೆಟಿನ ಸಿಟಿ ಬಸ್ ನಿಲ್ದಾಣವೋ, ದವಾಖಾನೆ ಎಂದಾಗ ಜಿಮ್ಸೋ ಇಎಸ್‌ಐಯೋ, ಇವೆಲ್ಲವನ್ನೂ ಹೀಗೇ ಬಿಡಿಸಿ ಹೇಳಬೇಕು.

ನಕ್ಷೆಯಲ್ಲಿ ಬರೀ ಜಯನಗರ ಎಂದು ಹುಡುಕಿದರೆ ಬೆಂಗಳೂರಿನದೂ, ವಿದ್ಯಾನಗರ ಎಂದರೆ ಹುಬ್ಬಳ್ಳಿಯದೂ ಎದುರಾಗಬಹುದು. ಎರಡೂ ಹೆಸರಿನ ಬಡಾವಣೆ ನಮ್ಮಲ್ಲಿಯೂ ಇವೆ. ಹೆಸರಿನ ಮುಂದೆ ಕಲಬುರಗಿ ಎಂದು ಸೇರಿಸಿ, ಸಿಗದಿದ್ದರೆ ಗುಲಬರ್ಗಾ ಎಂದು ಇನ್ನೊಮ್ಮೆ ಹುಡುಕಿ. 2014ರ ನವೆಂಬರ್ 1ರಂದು ಊರಿನ ಹೆಸರು ಅಧಿಕೃತವಾಗಿ ಬದಲಾಯಿತು, ಹಳೆಯ ಅಂಗಡಿ ಬೋರ್ಡುಗಳೂ ಹಳೆಯ ನಕ್ಷೆಗಳೂ ಅದರ ಜೊತೆ ಬದಲಾಗಲಿಲ್ಲ. ರೈಲು ಟಿಕೆಟಿನಲ್ಲಿ ಸ್ಟೇಷನ್ ಗುರುತು ಜಿಆರ್ ಹೋಗಿ ಕೆಎಲ್‌ಬಿಜಿ ಆಗಿದೆ, ವಿಮಾನದ ಟಿಕೆಟಿನಲ್ಲಿ ಮಾತ್ರ ಜಿಬಿಐ.

ದಾರಿ ಕೇಳುವುದಕ್ಕೂ ಒಂದು ರೀತಿ ಇದೆ. ‘ಇದು ಬ್ರಹ್ಮಪುರಕ್ಕೆ ಹೋಗೋ ದಾರಿನಾ?’ ಎಂದು ಕೇಳಬೇಡಿ. ಕೇಳಿದವರ ಮನಸ್ಸು ನೋಯಿಸಬಾರದೆಂದು ‘ಹೌದ್ರಿ’ ಎನ್ನುವವರು ನಮ್ಮಲ್ಲಿ ಬಹಳ. ‘ಕಾಕಾ, ಬ್ರಹ್ಮಪುರ ಯಾ ಕಡಿ ಬರ್ತದ್ರಿ?’ ಎಂದು ಕೇಳಿ. ಗೊತ್ತಿದ್ದವರು ಕೈ ತೋರಿಸುತ್ತಾರೆ, ಗೊತ್ತಿಲ್ಲದವರು ಗೊತ್ತಿಲ್ಲ ಎನ್ನುತ್ತಾರೆ. ಕಿರಾಣಿ ಅಂಗಡಿಯವರು, ಇಸ್ತ್ರಿ ಮಾಡುವವರು, ಮೆಡಿಕಲ್‌ನವರು ಓಣಿಯ ಮನೆಮನೆಯನ್ನೂ ಬಲ್ಲರು. ಬಸ್ ಸ್ಟಾಪಿನಲ್ಲಿ ನಿಂತವರು ನಿಮ್ಮಷ್ಟೇ ಹೊಸಬರಿರಬಹುದು.

ಉತ್ತರದಲ್ಲೂ ಒಂದು ಗುಂಡಿ ಇದೆ, ಹೊಸಬರು ಪದೇ ಪದೇ ಬೀಳುವುದು ಅದರಲ್ಲೇ. ಇಲ್ಲಿನ ಮಾತಿನಲ್ಲಿ ‘ಸೀದಾ’ ಎಂದರೆ ನೇರಕ್ಕೆ. ಆದರೆ ದಖನಿ ಉರ್ದುವಿನಲ್ಲಿ ‘ಸೀದಾ ಹಾತ್’ ಎಂದರೆ ಬಲಗೈ, ‘ಉಲ್ಟಾ ಹಾತ್’ ಎಂದರೆ ಎಡಗೈ. ಚಾಚಾ ‘ಸೀದೇ ಹಾತ್ ಕು ಮುಡೋ’ ಎಂದಾಗ ಮೊದಲ ಪದ ಮಾತ್ರ ಕೇಳಿಸಿಕೊಂಡವರು ನೇರಕ್ಕೆ ಹೋಗುತ್ತಾರೆ, ತಿರುವು ಹಿಂದೆ ಉಳಿಯುತ್ತದೆ. ‘ಉಲ್ಟಾ’ ಎಂದದ್ದನ್ನು ‘ವಾಪಸ್ ಹೋಗು’ ಎಂದು ತಿಳಿದವರೂ ಇದ್ದಾರೆ. ಹಾತ್ ಎಂಬ ಪದ ಕಿವಿಗೆ ಬಿದ್ದರೆ ಅದು ತಿರುವಿನ ಮಾತು. ಅನುಮಾನವಿದ್ದರೆ ನಿಮ್ಮ ಕೈ ಎತ್ತಿ ‘ಈ ಕೈನಾ?’ ಎಂದು ಕೇಳಿಬಿಡಿ, ನಾಚಿಕೆಯ ಮಾತೇನಿಲ್ಲ.

‘ಇಲ್ಲೇ ಅದ ನೋಡ್ರಿ’ ಎಂಬುದಕ್ಕೆ ಅಳತೆ ಇಲ್ಲ. ನೂರು ಹೆಜ್ಜೆಯೂ ಆಗಬಹುದು, ಒಂದೂವರೆ ಕಿಲೋಮೀಟರೂ ಆಗಬಹುದು. ‘ಐದ್ ಮಿನಿಟ್’ ಎಂದರೆ ನಡೆದೋ ಗಾಡಿಯ ಮೇಲೋ ಎಂದು ಕೇಳಿ. ಅದಕ್ಕಿಂತ ಒಳ್ಳೆಯ ಪ್ರಶ್ನೆ, ನಡುವೆ ಎಷ್ಟು ಚೌಕ್ ಬರುತ್ತವೆ ಎಂಬುದು. ಜನ ದೂರವನ್ನು ತಪ್ಪು ಹೇಳುತ್ತಾರೆ, ಚೌಕ್ ಎಣಿಸುವುದರಲ್ಲಿ ತಪ್ಪುವುದಿಲ್ಲ. ಒಮ್ಮೆಗೆ ಎರಡು ತಿರುವು ಮಾತ್ರ ನೆನಪಿಟ್ಟುಕೊಂಡು ಹೋಗಿ, ಅಲ್ಲಿ ಇನ್ನೊಬ್ಬರನ್ನು ಕೇಳಿ. ಐದು ತಿರುವನ್ನು ಒಟ್ಟಿಗೆ ಕೇಳಿಸಿಕೊಂಡವರು ಮೂರನೆಯದಕ್ಕೆ ತಪ್ಪುತ್ತಾರೆ.

ಗುರುತುಗಳ ವಿಷಯ. ಎಳನೀರು ಬಂಡಿ, ಫ್ಲೆಕ್ಸ್, ಮೊಬೈಲ್ ಅಂಗಡಿಯ ಬಣ್ಣದ ಬೋರ್ಡು, ಇವನ್ನು ಗುರುತಾಗಿ ಹಿಡಿದರೆ ರಾತ್ರಿ ಒಂಬತ್ತರ ಮೇಲೆ ಗುರುತೇ ಇರುವುದಿಲ್ಲ. ಬಂಡಿ ಮನೆಗೆ ಹೋಗಿರುತ್ತದೆ, ಶಟರ್ ಇಳಿದ ಮೇಲೆ ಅಂಗಡಿಗಳೆಲ್ಲ ಒಂದೇ ತೆರ. ಮುಂಜಾನೆ ನಾಲ್ಕಕ್ಕೆ ರೈಲಿಳಿದವರಿಗೂ ಇದೇ ಪಾಡು. ಪೆಟ್ರೋಲ್ ಪಂಪ್, ನೀರಿನ ಟಾಕಿ, ಗುಡಿ, ಮಸೀದಿ, ಶಾಲೆಯ ಗೇಟು, ಹಳೇ ಬೇವಿನ ಮರ, ಇವು ನಿಲ್ಲುವಂಥವು. ಪ್ರತಿ ತಿರುವಿಗೂ ಹಗಲಿನದೊಂದು, ರಾತ್ರಿಯದೊಂದು ಗುರುತು ಇಟ್ಟುಕೊಳ್ಳಿ. ಅಪ್ಪನ ಕೆರೆಯಂಥ ದೊಡ್ಡ ಗುರುತಿಗೆ ಇನ್ನೊಂದು ತೊಡಕಿದೆ: ಕೆರೆಗೆ ನಾಲ್ಕು ದಂಡೆ, ‘ಕೆರೆ ಹತ್ರ’ ಎಂದರೆ ಯಾವ ದಂಡೆ? ದೊಡ್ಡ ಗುರುತು ದಿಕ್ಕಿಗೆ, ಸಣ್ಣ ಗುರುತು ತಿರುವಿಗೆ.

ದಿಕ್ಕು ತಪ್ಪಿದಾಗ ಸೂರ್ಯನನ್ನು ನೋಡುವುದು ವಾಡಿಕೆ. ಬೆಳಿಗ್ಗೆ ಸಂಜೆಗೆ ಅದು ಸರಿ. ನಡು ಮಧ್ಯಾಹ್ನಕ್ಕೆ ಚಳಿಗಾಲದಲ್ಲಿ ನೆರಳು ಉತ್ತರಕ್ಕೆ ಬೀಳುತ್ತದೆ. ಆದರೆ ಕಲಬುರಗಿ ಇರುವುದು 17 ಡಿಗ್ರಿ ಚಿಲ್ಲರೆ ಅಕ್ಷಾಂಶದಲ್ಲಿ, ಮೇ ಎರಡನೇ ವಾರಕ್ಕೂ ಆಗಸ್ಟ್ ಮೊದಲ ವಾರಕ್ಕೂ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ಆ ದಿನಗಳಲ್ಲಿ ನೆರಳು ಕಾಲಡಿಗೇ ಇರುತ್ತದೆ, ನಡುವಿನ ತಿಂಗಳುಗಳಲ್ಲಿ ತುಸು ದಕ್ಷಿಣಕ್ಕೆ ವಾಲುತ್ತದೆ. ಹೊಸಬರು ಬರುವ ಜೂನ್ ಜುಲೈಯಲ್ಲಿಯೇ ನೆರಳು ಕೈಕೊಡುತ್ತದೆ ಎಂದಾಯಿತು. ಆಗ ಮಾಳಿಗೆಗಳ ಮೇಲೆ ನೋಡಿ. ಟೀವಿಯ ಡಿಶ್‌ಗಳೆಲ್ಲ ದಕ್ಷಿಣಕ್ಕೂ ಪೂರ್ವಕ್ಕೂ ನಡುವೆ ಮುಖ ಮಾಡಿರುತ್ತವೆ, ಏಕೆಂದರೆ ಅವು ಹಿಡಿಯುವ ಉಪಗ್ರಹಗಳು ಭೂಮಧ್ಯರೇಖೆಯ ಮೇಲೆ, ನಮಗಿಂತ ಪೂರ್ವಕ್ಕಿವೆ. ಡಿಡಿ ಫ್ರೀ ಡಿಶ್‌ನ ತಟ್ಟೆ ಹೆಚ್ಚುಕಡಿಮೆ ಸರಿಯಾಗಿ ಆಗ್ನೇಯಕ್ಕೆ. ಒಂದು ಓಣಿಯಲ್ಲಿ ಹತ್ತು ಡಿಶ್ ಒಂದೇ ಕಡೆ ನೋಡುತ್ತಿದ್ದರೆ ದಿಕ್ಸೂಚಿ ಬೇಕಿಲ್ಲ. ಹಳೇ ಊರಿನಲ್ಲಿ ಇನ್ನೂ ಗಟ್ಟಿ ಗುರುತುಗಳಿವೆ: ಮಸೀದಿಯಲ್ಲಿ ನಮಾಜಿಗೆ ಮುಖ ಮಾಡುವ ಗೋಡೆ ಪಶ್ಚಿಮದ್ದು, ಗೋರಿಗಳು ಉತ್ತರ ದಕ್ಷಿಣವಾಗಿ ಮಲಗಿರುತ್ತವೆ, ಈಶ್ವರನ ಗುಡಿಗಳ ಬಾಗಿಲು ಹೆಚ್ಚಾಗಿ ಪೂರ್ವಕ್ಕೆ. ಗಟಾರಿನ ನೀರು ಹರಿಯುವ ಕಡೆ ಹೋದರೆ ದೊಡ್ಡ ರಸ್ತೆ ಸಿಗುತ್ತದೆ ಎಂದು ಕೆಲವರು ಹೇಳುವುದುಂಟು. ನಂಬಬೇಡಿ, ಅದು ನಾಲಾಕ್ಕೆ ಹೋಗುತ್ತದೆ.

ಫೋನಿನ ನಕ್ಷೆಯನ್ನು ಬೈಯುವುದು ನಮ್ಮ ಉದ್ದೇಶವಲ್ಲ, ಅದರ ಮಿತಿ ತಿಳಿದಿರಬೇಕು. ಆಕಾಶ ಕಾಣುವ ಬಯಲಲ್ಲಿ ಅದು ಐದು ಮೀಟರಿನ ಆಸುಪಾಸು ಸರಿಯಾಗಿ ತೋರಿಸುತ್ತದೆ. ಎರಡೂ ಕಡೆ ಎತ್ತರದ ಗೋಡೆ ಇರುವ ಗಲ್ಲಿಯಲ್ಲಿ ಉಪಗ್ರಹದ ಸಂಕೇತ ಗೋಡೆಗೆ ಬಡಿದು ಬರುತ್ತದೆ, ನೀಲಿ ಚುಕ್ಕೆ ಬಾಜು ಗಲ್ಲಿಗೆ ಜಿಗಿಯುತ್ತದೆ. ಆಗ ಚುಕ್ಕೆಯ ಬೆನ್ನು ಹತ್ತದೆ, ಹಿಂದಿನ ಚೌಕ್‌ಗೆ ವಾಪಸ್ ಬಂದು ಅಲ್ಲಿಂದ ಗಲ್ಲಿಗಳನ್ನು ಎಣಿಸಿ ಹೋಗುವುದು ಲೇಸು. ಬಾಣ ತಪ್ಪು ದಿಕ್ಕು ತೋರಿಸಿದರೆ ಫೋನನ್ನು ಗಾಳಿಯಲ್ಲಿ ಎಂಟರ ಆಕಾರದಲ್ಲಿ ಎರಡು ಮೂರು ಸಲ ಆಡಿಸಬೇಕು, ಅಯಸ್ಕಾಂತದ ಮುಚ್ಚಳವಿರುವ ಕವರ್ ಇದ್ದರೆ ಮೊದಲು ತೆಗೆಯಬೇಕು. ಊರಿನ ನಕ್ಷೆಯನ್ನು ಮನೆಯಲ್ಲೇ ಇಳಿಸಿಟ್ಟುಕೊಂಡರೆ ನೆಟ್ ಹೋದಾಗ ಕೈಬಿಡುವುದಿಲ್ಲ. ಕಾರಿನವರಿಗೆ ಒಂದು ಮಾತು: ನಕ್ಷೆ ಹತ್ತಿರದ ದಾರಿ ಎಂದು ಹಳೇ ಊರಿನ ಒಳಗೆ ನುಗ್ಗಿಸಿದರೆ ಒಪ್ಪಬೇಡಿ. ಎದುರಿಗೆ ಒಂದು ಟಂಟಂ ಬಂದರೆ ಇಬ್ಬರಲ್ಲಿ ಒಬ್ಬರು ಹಿಂದಕ್ಕೆ ಸರಿಯಲೇಬೇಕು, ಟಂಟಂನವರು ಸರಿಯುವುದಿಲ್ಲ.

ವಿಳಾಸ ಬರೆಯುವುದು ನಮ್ಮ ಕಸುಬಿನ ವಿಷಯ, ತುಸು ಬಿಡಿಸಿಯೇ ಹೇಳುತ್ತೇವೆ. ಬಾಡಿಗೆಗೆ ಇರುವವರು ತಮ್ಮ ಹೆಸರಿನ ಕೆಳಗೆ ಮನೆ ಮಾಲೀಕರ ಹೆಸರನ್ನು ಬರೆಯಲೇಬೇಕು, ಓಣಿಗೆ ಗೊತ್ತಿರುವುದು ಆ ಹೆಸರೇ. ಆಮೇಲೆ ಮನೆ ನಂಬರ್. 5-408/12ಎ ಎಂಬಂಥ ನಂಬರಿನಲ್ಲಿ ಮೊದಲ ಅಂಕಿ ಹಳೇ ವಾರ್ಡಿನದು, ಇವತ್ತಿನ 55 ವಾರ್ಡುಗಳಿಗೆ ಅದನ್ನು ತಾಳೆ ಹಾಕಬಾರದು. ಗೀಟಿನ ಆಚೆಯ ಅಂಕಿ ಮೂಲ ಜಾಗ ಪಾಲಾದಾಗ ಹುಟ್ಟಿದ್ದು, ಆದ್ದರಿಂದ 12ರ ಬಾಜು 13 ಇರಬೇಕೆಂದಿಲ್ಲ, ಹಿಂದಿನ ಗಲ್ಲಿಯಲ್ಲೂ ಇರಬಹುದು. ಹೊಸ ಲೇಔಟುಗಳಲ್ಲಿ ಪ್ಲಾಟ್ ನಂಬರೇ ಬೇರೆ, ಪಾಲಿಕೆಯ ಮನೆ ನಂಬರೇ ಬೇರೆ. ಎರಡೂ ಇದ್ದರೆ ಎರಡನ್ನೂ ಬರೆದು ಯಾವುದು ಯಾವುದೆಂದು ಹೇಳಿ. ಗುರುತು ಕೊಡುವಾಗ ‘ಎದುರು’, ‘ಬಾಜು’ ಒಳ್ಳೆಯ ಪದಗಳು, ‘ಹಿಂದೆ’ ಎಂಬುದು ಕೆಟ್ಟ ಪದ. ಎರಡು ಗೇಟಿರುವ ಶಾಲೆಯ ಹಿಂಭಾಗ ಯಾವುದು? ‘ಹಿಂದೆ’ ಎಂದು ಬರೆಯಲೇಬೇಕಾದರೆ ಯಾವ ರಸ್ತೆಯಿಂದ ಒಳಗೆ ಬರಬೇಕೆಂದು ಜೊತೆಗೇ ಬರೆಯಿರಿ.

ಪಿನ್‌ಕೋಡ್ ಎಂದರೆ ಎಲ್ಲರೂ ಕಣ್ಣು ಮುಚ್ಚಿ 585101 ಬರೆಯುತ್ತಾರೆ. ಅದು ಪ್ರಧಾನ ಅಂಚೆ ಕಚೇರಿಯದು. ಆರು ಅಂಕಿಗಳಲ್ಲಿ ಮೊದಲ 5 ಕರ್ನಾಟಕ, ಆಂಧ್ರ, ತೆಲಂಗಾಣಗಳ ವಲಯ, 585 ನಮ್ಮ ಭಾಗದ ವಿಂಗಡಣೆಯದು, ಬೀದರ ಯಾದಗಿರಿಗಳೂ ಅದರಲ್ಲೇ ಬರುತ್ತವೆ. ಕೊನೆಯ ಮೂರು ಅಂಕಿ ನಿಮ್ಮ ಓಣಿಗೆ ಟಪಾಲು ಹಂಚುವ ಕಚೇರಿಯನ್ನು ಹೇಳುತ್ತವೆ. ವಿಶ್ವವಿದ್ಯಾಲಯದ ಆವರಣಕ್ಕೆ 585106 ಇದೆ. ತಪ್ಪು ಬರೆದರೆ ಟಪಾಲು ಬೇರೆ ಕಚೇರಿಗೆ ಹೋಗಿ, ಅಲ್ಲಿಂದ ತಿರುಗಿ ಬರಬೇಕು. ಅಂಚೆ ಇಲಾಖೆ 2025ರಲ್ಲಿ ಡಿಜಿಪಿನ್ ಎಂಬ ಹೊಸ ಗುರುತನ್ನೂ ತಂದಿದೆ: ದೇಶವನ್ನು ಸುಮಾರು 4 ಮೀಟರ್ ಉದ್ದ 4 ಮೀಟರ್ ಅಗಲದ ಚೌಕಗಳಾಗಿ ಸೀಳಿ, ಪ್ರತಿ ಚೌಕಕ್ಕೂ ಹತ್ತು ಅಕ್ಷರಾಂಕಿಗಳ ಸಂಕೇತ. ಇಲಾಖೆಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಮನೆಯೊಳಗೆ ಕೂತು ತೆಗೆದರೆ ಪಕ್ಕದವರ ಚೌಕ ಬರಬಹುದು, ಬಾಗಿಲ ಮುಂದೆ ಬಯಲಲ್ಲಿ ನಿಂತು ತೆಗೆಯಿರಿ. ಎಷ್ಟನೇ ಮಾಳಿಗೆ ಎಂಬುದನ್ನು ಅದು ಹೇಳುವುದಿಲ್ಲ, ಪಿನ್‌ಕೋಡ್ ಬರೆಯುವುದೂ ತಪ್ಪುವುದಿಲ್ಲ.

ಹೆಣ್ಣುಮಕ್ಕಳಿಗೆ ಇನ್ನೊಂದು ಸುಲಭದ ದಾರಿ ಇದೆ. ರಾಜ್ಯದವರೆಂಬ ಗುರುತಿನ ಚೀಟಿ ಇದ್ದರೆ ಸಿಟಿ ಬಸ್ಸಿಗೆ ದುಡ್ಡಿಲ್ಲ. ಸೂಪರ್ ಮಾರ್ಕೆಟಿನಲ್ಲಿ ಹತ್ತಿ, ಕಿಟಕಿ ಬಾಜು ಕೂತು, ಕೊನೆಯ ಸ್ಟಾಪಿನವರೆಗೆ ಹೋಗಿ ಅದೇ ಬಸ್ಸಿನಲ್ಲಿ ವಾಪಸ್ ಬಂದರೆ ಒಂದು ರಸ್ತೆ ಕಲಿತಂತಾಯಿತು. ಹೋಗುವಾಗ ಎಡಗಡೆ ಕೂತರೆ ಬರುವಾಗಲೂ ಎಡಗಡೆಯೇ ಕೂರಬೇಕು, ಆಗ ರಸ್ತೆಯ ಎರಡೂ ಮಗ್ಗುಲು ಕಂಡಿರುತ್ತದೆ.

ವರ್ಷದಲ್ಲಿ ಕೆಲವು ದಿನ ಊರು ಬಲ್ಲವರಿಗೂ ದಾರಿ ಸಿಗುವುದಿಲ್ಲ. ಹೋಳಿ ಹುಣ್ಣಿಮೆಯಾದ ಐದನೇ ದಿನ ಶರಣಬಸವೇಶ್ವರರ ತೇರು, ಮುಸ್ಲಿಂ ಪಂಚಾಂಗದ ಜಿಲ್ಕಾದ್ ತಿಂಗಳ 15ರಿಂದ ಬಂದೇ ನವಾಜರ ಉರುಸು. ಆ ದಿನಗಳಲ್ಲಿ ಗುಡಿ ಮತ್ತು ದರ್ಗಾ ಕಡೆಯ ರಸ್ತೆಗಳಲ್ಲಿ ಗಾಡಿ ಬಿಡುವುದಿಲ್ಲ. ಪೊಲೀಸರ ಮಾರ್ಗ ಬದಲಾವಣೆಯ ಪ್ರಕಟಣೆ ನಿಮ್ಮ ಪತ್ರಿಕೆಯಲ್ಲೇ ಬರುತ್ತದೆ, ಹೊಸಬರು ಅದನ್ನು ಕತ್ತರಿಸಿ ಇಟ್ಟುಕೊಳ್ಳಬೇಕು.

ಈಗ ಪಾಲಿಕೆಗೆ ಬೇಡಿಕೆ. ವೃತ್ತಗಳಿಗೆ ಮಹನೀಯರ ಹೆಸರು ಇಡುವುದಕ್ಕೆ ನಮ್ಮ ವಿರೋಧವಿಲ್ಲ. ಆದರೆ ಬೋರ್ಡಿನಲ್ಲಿ ಹೊಸ ಹೆಸರಿನ ಕೆಳಗೆ ರೂಢಿಯ ಹೆಸರನ್ನೂ ಬರೆಯಿಸಬೇಕು. ಹೊಸ ಹೆಸರೊಂದೇ ಬರೆದ ಬೋರ್ಡು ಊರವರಿಗೆ ಬೇಕಿಲ್ಲ, ಹೊಸಬರಿಗೆ ಉಪಯೋಗವಿಲ್ಲ, ಏಕೆಂದರೆ ಅವರಿಗೆ ದಾರಿ ಹೇಳಿದವರು ಆ ಹೆಸರನ್ನು ಹೇಳಿರುವುದೇ ಇಲ್ಲ. ಗಲ್ಲಿಯ ಬೋರ್ಡು ಒಂದೇ ಬಾಯಿಗೆ ಸಾಲದು, ಎರಡೂ ತುದಿಗೆ ಬೇಕು. ಅದರಲ್ಲಿ ಗಲ್ಲಿಯ ಹೆಸರಿನ ಜೊತೆ ಮನೆ ನಂಬರ್ ಎಲ್ಲಿಂದ ಎಲ್ಲಿಯವರೆಗೆ ಎಂಬುದೂ, ಪಿನ್‌ಕೋಡೂ ಇರಲಿ. ಒಳಗೆ ದಾರಿ ಮುಗಿಯುತ್ತದೆ ಎಂದಾದರೆ ಅದನ್ನೂ ಬರೆಯಲಿ, ಹಳೇ ಊರಿನಲ್ಲಿ ಆ ಒಂದು ಸಾಲಿನಿಂದ ಎಷ್ಟೋ ಗಾಡಿಗಳು ಹಿಂದಕ್ಕೆ ಸರಿಯುವುದು ತಪ್ಪುತ್ತದೆ. ಬೋರ್ಡು ಆಳೆತ್ತರಕ್ಕಿಂತ ಮೇಲೆ, ಗೋಡೆಗೆ ಕೂತಿರಲಿ. ಕಂಬಕ್ಕೆ ಕಟ್ಟಿದ್ದು ಆರು ತಿಂಗಳಲ್ಲಿ ತಿರುಗಿ ಬೇರೆ ಗಲ್ಲಿಯನ್ನು ತೋರಿಸುತ್ತದೆ, ಕೆಳಗಿದ್ದುದರ ಮೇಲೆ ಟ್ಯೂಷನ್ನಿನವರ ಚೀಟಿ ಬೀಳುತ್ತದೆ. ಎಲ್ಲ ಕಡೆ ಒಮ್ಮೆಲೇ ಆಗುವುದಿಲ್ಲವೆಂದರೆ ಚೌಕ್‌ನಿಂದ ಗಂಜ್‌ವರೆಗೆ ಎರಡೂ ಬದಿಯ ಗಲ್ಲಿಗಳಿಂದ ಶುರುವಾಗಲಿ. ಹಳೇ ಹೆಸರು ಯಾವುದೆಂದು ಬರೆದುಕೊಳ್ಳಲು ಆಯಾ ಬೀಟಿನ ಪೋಸ್ಟ್‌ಮನ್‌ರನ್ನು ಒಂದು ದಿನ ಜೊತೆಗೆ ಕರೆದುಕೊಂಡರೆ ಸಾಕು.

ತಮ್ಮ ವಿಶ್ವಾಸಿಗಳು,
ನಿವೃತ್ತ ಪೋಸ್ಟ್‌ಮನ್‌ರು, ಕಲಬುರಗಿ